ಒಂದು ಬೆರಳಿನ ಸಂದು

ಮರವನ್ನು ಕಡಿದು, ಕೊಯ್ದು, ಹಲಗೆ ಮಾಡಿ, ಮೇಲೆ ಕನ್ನಡಿಯಂತೆ ಪಾಲಿಶ್ ಬಳಿದ ಮೇಲೂ ಅದು ಸಾಯುವುದಿಲ್ಲ. ಬಿಸಿಲಿಗೆ ಕುಗ್ಗುತ್ತದೆ, ತೇವಕ್ಕೆ ಹಿಗ್ಗುತ್ತದೆ. ಇದು ನಿಮಗೆ ಗೊತ್ತಿರಬೇಕು. ಮಳೆ ಹಿಡಿದಾಗ ನಿಮ್ಮ ಬಚ್ಚಲ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ನೀವು ಭುಜ ಕೊಟ್ಟು ತಳ್ಳುತ್ತೀರಿ, ಬೈಯುತ್ತೀರಿ, ಮಳೆ ಹೋದ ಮೇಲೆ ಮರೆಯುತ್ತೀರಿ. ವರ್ಷವರ್ಷವೂ ಬಾಗಿಲು ಪಾಠ ಹೇಳುತ್ತದೆ, ವರ್ಷವರ್ಷವೂ ನೀವು ನಪಾಸಾಗುತ್ತೀರಿ.

ಹಾಗೆ ನಪಾಸಾದವರಲ್ಲಿ ಮೊದಲ ಸ್ಥಾನ ನಮ್ಮ ಬೀದಿಯ ಇಂಚುಪಟ್ಟಿ ಸಾಹೇಬರದು.

ಸಾಹೇಬರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಇಪ್ಪತ್ತೆಂಟು ವರ್ಷಗಳಿಂದ ಅಂಗಡಿ ಅಂಗಡಿಗೆ ನುಗ್ಗಿ, ತಕ್ಕಡಿ ತಟ್ಟೆಯ ಅಡಿಗೆ ಬೆರಳಾಡಿಸಿ, ಅಲ್ಲಿ ಅಂಟಿಸಿಟ್ಟ ಮೇಣದ ಉಂಡೆಯನ್ನು ಕಿತ್ತು ಮಾಲೀಕನ ಮೂಗಿನ ಮುಂದೆ ಹಿಡಿದವರು. ಲಂಚ ಮುಟ್ಟಿದವರಲ್ಲ. (ಇದನ್ನು ಅವರೇ ವಾರಕ್ಕೆರಡು ಸಲ ಹೇಳುತ್ತಾರೆ. ಆದರೂ ನಿಜ.) ಅಷ್ಟು ವರ್ಷ ಕಳ್ಳರನ್ನು ಹಿಡಿದದ್ದರಿಂದ ಅವರಿಗೊಂದು ಕಾಯಿಲೆ ಅಂಟಿಕೊಂಡಿತ್ತು: ಕಣ್ಣಿಗೆ ಕಾಣದ ಜಾಗವೆಲ್ಲ ಕಳ್ಳತನದ ಜಾಗ. ಮನೆಯಲ್ಲಿ ಸಕ್ಕರೆ ಡಬ್ಬಿ ತುಂಬಿದಾಗಲೂ ಅಡಿಯಲ್ಲಿ ಗಾಳಿ ಇದೆಯೇನೋ ಎಂದು ಒಮ್ಮೆ ಅಲ್ಲಾಡಿಸಿ ನೋಡುತ್ತಿದ್ದರು.

ಈಗ ಕೋಣೆಯ ವಿಷಯ. ಸಾಹೇಬರ ಅತ್ತೆ, ಅಂದರೆ ಹೆಂಡತಿಯ ತಾಯಿ, ಅವರೊಂದಿಗೇ ಇರುವವರು. ಹಿಂದುಗಡೆಯ ಕೋಣೆಯ ನುಣುಪು ಟೈಲ್ಸ್ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಇನ್ನು ಮೂರು ವಾರಕ್ಕೆ ಮನೆಗೆ ಕರೆದೊಯ್ಯಬಹುದು, ಆದರೆ ಆ ಟೈಲ್ಸ್ ಮೇಲೆ ಮತ್ತೆ ಕಾಲಿಡಿಸಬೇಡಿ ಎಂದು ಡಾಕ್ಟರು ಹೇಳಿದರು. ಮರದ ನೆಲ ಹಾಕಿಸುವುದೆಂದು ಹೆಂಡತಿ ತೀರ್ಮಾನಿಸಿದರು. ಸಾಹೇಬರು ಒಪ್ಪಿದರು. (ಆ ಮನೆಯಲ್ಲಿ ಮಸೂದೆಗಳು ಅಂಗೀಕಾರವಾಗುವ ಕ್ರಮವೇ ಇದು.)

ಎರಡು ಬೀದಿ ಆಚೆ ಕೊಟ್ಟಿಗೆಯಂಥ ಜಾಗದಲ್ಲಿ ಕೆಲಸ ಮಾಡುವ ಬಡಗಿ ಮೇಸ್ತ್ರಿಯನ್ನು ಕರೆಸಿದರು. ನರೆತ ಹುಬ್ಬಿನ, ಮಾತು ಕಮ್ಮಿಯ ಮನುಷ್ಯ. ಕೋಣೆ ಅಳೆದು, ಕಿಟಕಿಯ ಕೆಳಗಿನ ಗೋಡೆಗೆ ಅಂಗೈ ಒತ್ತಿ ತೇವ ನೋಡಿ, ಎರಡು ವಿಷಯ ಹೇಳಿದರು. ಒಂದು, ಹಲಗೆ ಬಂದ ಮೇಲೆ ಹತ್ತು ದಿನ ಇದೇ ಕೋಣೆಯಲ್ಲಿ ಸುಮ್ಮನೆ ಬಿದ್ದಿರಬೇಕು, ಇಲ್ಲಿನ ಹವೆಗೆ ಒಗ್ಗಬೇಕು. ಎರಡು, ಜೋಡಿಸುವಾಗ ನಾಲ್ಕೂ ಗೋಡೆಯ ಬುಡದಲ್ಲಿ ಒಂದು ಬೆರಳಿನಷ್ಟು ಸಂದು ಬಿಡಬೇಕು. ಆ ಸಂದು ಕಾಣದಂತೆ ಗೋಡೆಯುದ್ದಕ್ಕೂ ಅಂಚುಪಟ್ಟಿ ಹೊಡೆಯಬೇಕು.

ಸಂದು. ಕಾಣದಂತೆ. ಈ ಎರಡು ಪದ ಕಿವಿಗೆ ಬಿದ್ದದ್ದೇ ಸಾಹೇಬರೊಳಗಿನ ಇನ್ಸ್‌ಪೆಕ್ಟರು ಎದ್ದು ಕೂತರು. ಕೋಣೆ ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ. ನಾಲ್ಕು ಗೋಡೆಯ ಸಂದನ್ನೂ ಕೂಡಿಸಿದರೆ ಹೆಚ್ಚು ಕಡಿಮೆ ಎರಡು ಚದರಡಿ.

"ಈ ಎರಡು ಚದರಡಿ ಮರ ಯಾರ ಮನೆಗೆ ಹೋಗುತ್ತೆ?" ಎಂದು ಕೇಳಿದರು.

"ಎಲ್ಲಿಗೂ ಹೋಗಲ್ಲ ಸಾರ್. ಅದು ಮರ ಕಾಲು ಚಾಚೋ ಜಾಗ."

"ಕಾಲು ಚಾಚೋ ಜಾಗ ಆದ್ರೆ ಮುಚ್ಚೋದು ಯಾಕೆ? ನನ್ನ ಸರ್ವೀಸಲ್ಲಿ ನಾನು ನೋಡಿರೋ ಹಾಗೆ, ಮುಚ್ಚಿಡೋದು ಕದ್ದಿದ್ದನ್ನ ಮಾತ್ರ."

ಮೇಸ್ತ್ರಿ ಟೇಪನ್ನು ಸುರುಳಿ ಸುತ್ತಿ ಜೇಬಿಗಿಟ್ಟರು. "ಅಮ್ಮ ಬೇಗ ಹುಷಾರಾಗ್ಲಿ" ಎಂದು ಹೆಂಡತಿಗೆ ಹೇಳಿ, ಚಪ್ಪಲಿ ಮೆಟ್ಟಿ ನಡೆದುಬಿಟ್ಟರು.

ಅಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ಮನೆಯೊಳಗಿನ ಪೆದ್ದುತನ ಮನೆಯೊಳಗೇ ಇರಲಿ ಬಿಡಿ. ಆದರೆ ಸಾಹೇಬರು ಸಾರ್ವಜನಿಕ ಹಿತಾಸಕ್ತಿಯ ಮನುಷ್ಯ. ಅಂದು ಸಂಜೆಯೇ ಮೂಲೆಯ ಔಷಧಿ ಅಂಗಡಿಯವರಿಗೆ ವಿಷಯ ತಿಳಿಸಿದರು; ಆಮೇಲೆ ಎದುರುಮನೆಯ ನಿವೃತ್ತ ಮೇಷ್ಟ್ರ ಗೇಟಿಗೆ ಮೊಣಕೈ ಊರಿ ಅರ್ಧ ಗಂಟೆ ಉಪನ್ಯಾಸ ಕೊಟ್ಟರು: ಬಡಗಿ ಗೋಡೆಯ ಬುಡದಲ್ಲಿ ಕದಿಯುತ್ತಾನೆ, ಪಟ್ಟಿಯಲ್ಲಿ ಮುಚ್ಚುತ್ತಾನೆ, ಎಚ್ಚರ. ಔಷಧಿ ಅಂಗಡಿಯವರು ತಮ್ಮ ಮನೆಯ ಕಪಾಟುಗಳನ್ನು ಇದೇ ಮೇಸ್ತ್ರಿಗೆ ಒಪ್ಪಿಸಿದ್ದರು. ಮರುದಿನವೇ ಬೇಡವೆಂದು ಹೇಳಿ ಕಳಿಸಿದರು. ಮೂವತ್ತೈದು ವರ್ಷ ಉಳಿ ಹಿಡಿದು ಗಳಿಸಿದ ಹೆಸರು ಒಂದು ಗೇಟಿನ ಮೇಲೆ ಊರಿದ ಮೊಣಕೈಗೆ ಉರುಳಿತು. ತಕ್ಕಡಿಯಲ್ಲಿ ಹತ್ತು ಗ್ರಾಂ ಕದ್ದವನಿಗೆ ಕಾನೂನಿದೆ. ಒಬ್ಬನ ಹೆಸರನ್ನೇ ಎತ್ತಿಕೊಂಡು ಹೋದವನಿಗೆ ಯಾವ ಇಲಾಖೆಯೂ ಇಲ್ಲ.

"ಈಗ ನೆಲ ಯಾರು ಹಾಕ್ತಾರೆ?" ಎಂದು ಹೆಂಡತಿ ಕೇಳಿದರು.

"ನಾನೇ."

ಆಕೆ ಪ್ರಥಮ ಚಿಕಿತ್ಸೆಯ ಡಬ್ಬಿ ಎಲ್ಲಿದೆ ಎಂದು ನೋಡಲು ಒಳಗೆ ಹೋದರು.

ಸಾಹೇಬರು ಒಂದು ವಾರ ರಜೆ ಹಾಕಿದರು. ಗರಗಸ, ಸುತ್ತಿಗೆ, ಅಂಟು, ಹೊಸ ಸ್ಟೀಲ್ ಟೇಪು, ಮೊಣಕಾಲಿಗೆ ಕಟ್ಟಿಕೊಳ್ಳುವ ಮೆತ್ತೆ, ಎಲ್ಲ ಬಂದವು. ಮೊದಲ ದಿನವೇ ಅವರು ಒಂದು ವಂಚನೆಯನ್ನು ಪತ್ತೆ ಹಚ್ಚಿದರು. ಟೇಪಿನ ತುದಿಯಲ್ಲಿ ಒಂದು ತಗಡಿನ ಕೊಕ್ಕೆ ಇರುತ್ತದಲ್ಲ, ಅದು ಹಿಂದೆಮುಂದೆ ಆಡುತ್ತಿತ್ತು. ಹೊಚ್ಚಹೊಸ ಟೇಪು, ತುದಿಯೇ ಸಡಿಲ. (ಇಲಾಖೆಯಲ್ಲಿ ಅವರ ಕೈಗೆ ಬರುತ್ತಿದ್ದುದು ತಕ್ಕಡಿ, ಲೀಟರ್ ಡಬ್ಬ ಮತ್ತು ಬಟ್ಟೆ ಅಂಗಡಿಯ ಮೀಟರ್ ಕೋಲು. ಸ್ಟೀಲ್ ಟೇಪಿನ ಪರಿಚಯ ಅಷ್ಟಕ್ಕಷ್ಟೆ.) ಕಾರ್ಖಾನೆಯವರನ್ನು ಬೈದು, ಕೊಕ್ಕೆಯನ್ನು ಒಳಕ್ಕೆ ತಳ್ಳಿ, ಸುತ್ತಿಗೆಯಿಂದ ಎರಡೇಟು ಹಾಕಿ ಬಿಗಿ ಮಾಡಿದರು. ಸಾಲದೆಂದು ಅಂಟೂ ತುಂಬಿದರು. ಈಗ ಅಲ್ಲಾಡು ನೋಡೋಣ ಎಂದು ಅದಕ್ಕೆ ಸವಾಲು ಹಾಕಿದರು. ಅದು ಅಲ್ಲಾಡಲಿಲ್ಲ.

ಹಲಗೆಗಳು ಬೆಳಿಗ್ಗೆ ಹತ್ತಕ್ಕೆ ಬಂದವು. ಹನ್ನೊಂದಕ್ಕೆ ಜೋಡಣೆ ಶುರುವಾಯಿತು. ಹತ್ತು ದಿನ ಒಗ್ಗುವುದೇನು, ಅವೇನು ಹೊಸ ಸೊಸೆಯರೇ? ಕಾಲ ಒಣ ಬೇಸಿಗೆ. ನೆಲಕ್ಕೆ ಸ್ಪಂಜಿನ ಹಾಳೆ ಹಾಸಿ, ಒಂದು ಹಲಗೆಯ ಅಂಚಿನ ನಾಲಿಗೆಯಂಥ ಉಬ್ಬನ್ನು ಇನ್ನೊಂದರ ಅಂಚಿನ ಕಾಲುವೆಗೆ ಸೇರಿಸಿ, ಪಕ್ಕದಿಂದ ಸುತ್ತಿಗೆಯಲ್ಲಿ ಬಡಿದು, ಸಾಲು ಸಾಲಾಗಿ ಮುಂದುವರಿದರು. ಕೊನೆಯ ಸಾಲಿಗೆ ಬಂದಾಗ ತಿಳಿಯಿತು, ಆ ಕಡೆಯ ಗೋಡೆ ಹೊಟ್ಟೆ ಬಿಟ್ಟುಕೊಂಡಿದೆ. ಇಪ್ಪತ್ತು ವರ್ಷದ ಹಿಂದೆ ಗೋಡೆ ಕಟ್ಟಿದ ಗಾರೆಯವನೂ ಕಳ್ಳರ ಪಟ್ಟಿಗೆ ಸೇರಿದ. ಸಾಹೇಬರು ಸೋಲಲಿಲ್ಲ. ಗೋಡೆಯ ಹೊಟ್ಟೆಗೆ ತಕ್ಕಂತೆ ಹಲಗೆಯ ಅಂಚನ್ನು ಉಜ್ಜಿ, ಬಾಗಿಸಿ, ಕಬ್ಬಿಣದ ಸರಳಿನಿಂದ ಮೀಟಿ ಮೀಟಿ ಒಳಗೆ ತುರುಕಿದರು. ಗೋಡೆಯಿಂದ ಗೋಡೆಗೆ, ಬಿರಡೆ ಹಾಕಿದ ಸೀಸೆಯಂತೆ. ವಿಸಿಟಿಂಗ್ ಕಾರ್ಡೊಂದನ್ನು ತಂದು ನಾಲ್ಕೂ ಬುಡದಲ್ಲಿ ತೂರಿಸಲು ನೋಡಿದರು. ಹೋಗಲಿಲ್ಲ.

"ಒಂದು ಇರುವೆ ಹೋಗಲ್ಲ ನೋಡೇ" ಎಂದು ಹೆಂಡತಿಯನ್ನು ಕರೆದು ತೋರಿಸಿದರು.

"ಇರುವೆ ಒಳಗೇ ಇದ್ರೆ ಹೊರಗೆ ಬರೋದು ಹೇಗ್ರೀ?" ಎಂದರು ಆಕೆ. ಈ ಪ್ರಶ್ನೆಯ ಆಳ ಸಾಹೇಬರಿಗೆ ಅರಿವಾದದ್ದು ಆಮೇಲೆ.

ಅಂಚುಪಟ್ಟಿಯ ಕೆಲಸ ಬೇರೆಯೇ ಯುದ್ಧ. ಮುಚ್ಚಬೇಕಾದ ಸಂದೇ ಇರಲಿಲ್ಲ ನಿಜ. ಆದರೆ ಬರೀ ಗೋಡೆಯ ಬುಡ ಬೋಳುಬೋಳಾಗಿ ಕಾಣುತ್ತದೆಂದು ಹೆಂಡತಿಯ ಆಜ್ಞೆಯಾಗಿತ್ತು. ಮೂಲೆಯಲ್ಲಿ ಎರಡು ಪಟ್ಟಿ ಕೂಡಬೇಕಾದರೆ ಎರಡರ ತುದಿಯನ್ನೂ ಓರೆಯಾಗಿ ಕೊಯ್ಯಬೇಕು. ಮೊದಲ ಪಟ್ಟಿಯ ಓರೆ ಆ ಕಡೆಗಾಯಿತು. ಎರಡನೆಯದನ್ನು ಜಾಗ್ರತೆಯಿಂದ ತಿರುಗಿಸಿ ಹಿಡಿದು ಕೊಯ್ದರು. ಅದೂ ಆ ಕಡೆಗೇ ಆಯಿತು. ನಾಲ್ಕನೆಯದರಿಂದ ಓರೆ ಸರಿಹೋಯಿತು, ಆದರೆ ಉದ್ದ ಸಾಲಲಿಲ್ಲ. ಟೇಪು ಹಿಡಿದು ಗೋಡೆ ಅಳೆದರೆ ಒಂದು ಲೆಕ್ಕ. ಅದೇ ಲೆಕ್ಕವನ್ನು ಪಟ್ಟಿಯ ಮೇಲೆ ಗುರುತು ಮಾಡಿ ಕೊಯ್ದು ತಂದಿಟ್ಟರೆ ಉಗುರಿನ ದಪ್ಪದಷ್ಟು ಗಿಡ್ಡ. ಮತ್ತೆ ಅಳೆದರು, ಮತ್ತೆ ಕೊಯ್ದರು, ಮತ್ತೆ ಉಗುರಿನ ದಪ್ಪ. ನಾಲ್ಕು ಗೋಡೆಗೆ ಹನ್ನೊಂದು ಪಟ್ಟಿ ಖರ್ಚಾದವು. ಗೋಡೆ ಸರಿಯಿಲ್ಲ ಎಂದರು. ಗರಗಸ ತಿನ್ನುತ್ತದೆ ಎಂದರು. ನೆಲವೇ ಓರೆ ಇರಬೇಕು ಎಂದರು.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ" ಎಂದು ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದರು. "ಅವಳ ಪುಣ್ಯ. ಆ ನೆಲವನ್ನ ಅವಳೇ ಹಾಕಿರಲಿಲ್ಲ."

ಕೊನೆಗೆ ಸಾಹೇಬರು ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ, ಮೂಲೆಗಳ ಸಂದಿಗೆ ಮೆತ್ತಿ, ಬೆರಳಿನಿಂದ ಸವರಿದರು. ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೆ ಏನೂ ಕಾಣಲಿಲ್ಲ.

"ಮುಚ್ಚಿಡೋದು ಏನನ್ನ ಅಂದಿದ್ರಿ?" ಎಂದರು ಹೆಂಡತಿ. ಸಾಹೇಬರಿಗೆ ಆ ದಿನ ಕಿವಿ ಸ್ವಲ್ಪ ಮಂದವಾಗಿತ್ತು.

ಅತ್ತೆ ಮನೆಗೆ ಬಂದರು. ನಾಲ್ಕು ಕಾಲಿನ ಊರುಗೋಲನ್ನು ಮುಂದಿಟ್ಟು ಇಟ್ಟು ನಡೆದು, ಮರದ ಮೇಲೆ ಪಾದ ಒತ್ತಿ, "ಬೆಚ್ಚಗಿದೆ ಅಳಿಯಂದ್ರೇ" ಎಂದರು. ಸಾಹೇಬರ ಕಣ್ಣಲ್ಲಿ ನೀರೇ ಬಂತು. ಅದು ನಿಜವಾದ ಸಂತೋಷ, ಅದನ್ನು ನಾವು ಆಡಿಕೊಳ್ಳಬಾರದು. ಎಂಟು ದಿನ ಬೀದಿಯವರೆಲ್ಲ ಬಂದು ನೋಡಿ ಹೋದರು. ಎದುರುಮನೆ ಮೇಷ್ಟ್ರಂತೂ ಮಂಡಿಯೂರಿ ಕೂತು ಗೋಡೆಯ ಬುಡವನ್ನು ಬೆರಳಿಂದ ಮುಟ್ಟಿ ನೋಡಿದರು.

ಒಂಬತ್ತನೆಯ ದಿನ ಮಳೆ ಹಿಡಿಯಿತು. ಬಿಟ್ಟೂಬಿಡದೆ ಒಂದು ವಾರ. ಗೋಡೆ ತಣ್ಣಗಾಯಿತು, ಒಗೆದ ಬಟ್ಟೆ ಒಣಗಲಿಲ್ಲ, ಉಪ್ಪು ಡಬ್ಬಿಯಲ್ಲೇ ನೀರೊಡೆಯಿತು. ಕೋಣೆಯಲ್ಲಿ ಆಗಾಗ 'ಟಿಕ್' ಎಂದು ಸದ್ದು. ಗಡಿಯಾರವಿರಬೇಕು ಎಂದರು ಸಾಹೇಬರು. ಆ ಕೋಣೆಯಲ್ಲಿ ಗಡಿಯಾರವಿರಲಿಲ್ಲ.

ಮೊದಲು ದೂರು ಕೊಟ್ಟವರು ಅತ್ತೆ. "ಅಳಿಯಂದ್ರೇ, ನನ್ನ ಗುಳಿಗೆ ಕೆಳಗೆ ಬಿದ್ರೆ ಗೋಡೆ ಕಡೆ ಓಡುತ್ತೆ. ಹೋದ ವಾರ ಬಿದ್ದಲ್ಲೇ ಬಿದ್ದಿರ್ತಿತ್ತು."

ಗುಳಿಗೆ ಗುಂಡಗಿರುವುದರಿಂದ ಉರುಳುವುದು ಅದರ ಸ್ವಭಾವವೆಂದು ಸಾಹೇಬರು ವಿವರಿಸಿದರು. ಮರುದಿನ ಅತ್ತೆ ಇನ್ನೊಂದು ಪ್ರಯೋಗದ ವರದಿ ಒಪ್ಪಿಸಿದರು: ಮಂಚದ ಈ ಪಕ್ಕ ಬಿದ್ದ ಗುಳಿಗೆ ಈ ಗೋಡೆಗೂ, ಆ ಪಕ್ಕ ಬಿದ್ದದ್ದು ಆ ಗೋಡೆಗೂ ಹೋಗುತ್ತದೆ. ಅಂದಮೇಲೆ ನಡುವೆ ಏನೋ ಎತ್ತರವಿದೆ. ಅತ್ತೆ ಓದಿದ್ದು ನಾಲ್ಕನೇ ತರಗತಿ. ಆದರೂ ಗುರುತ್ವಾಕರ್ಷಣೆಯ ವಿಷಯದಲ್ಲಿ ಅಳಿಯನಿಗಿಂತ ಮುಂದಿದ್ದರು.

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಅತ್ತೆ ಸೀರೆ ಬದಲಿಸಲು ಬಾಗಿಲು ಮುಂದೆ ಮಾಡಿಕೊಂಡರು. ಹೆಂಡತಿ ಅಡುಗೆಮನೆಯಲ್ಲಿದ್ದರು, ಸಾಹೇಬರು ಪೇಪರಿನಲ್ಲಿದ್ದರು. ಮನೆಯೆಲ್ಲ ಅದುರುವಂತೆ 'ಢಬ್' ಎಂದಿತು. ಇಬ್ಬರೂ ಓಡಿದರು. ಬಾಗಿಲು ತೆರೆಯಲಿಲ್ಲ. ಅದು ಒಳಕ್ಕೆ ತೆರೆಯುವ ಬಾಗಿಲು. ನೆಲ ಎದ್ದು ಬಂದು ಅದರ ಅಡಿಯನ್ನು ಕಚ್ಚಿ ಹಿಡಿದಿತ್ತು. ಅಂಗಳಕ್ಕೆ ಓಡಿ ಕಿಟಕಿಯ ಸರಳಿನೊಳಗೆ ಇಣುಕಿದರು. ಕೋಣೆಯ ನಡುವೆ ನೆಲ ಒಂಟೆಯ ಬೆನ್ನಿನಂತೆ ಡುಬ್ಬವೆದ್ದು ನಿಂತಿತ್ತು. ಅದರ ಒಂದು ಇಳಿಜಾರಿನಲ್ಲಿ ಮಂಚ, ಮಂಚದ ಮೇಲೆ ಅತ್ತೆ. ಇನ್ನೊಂದು ಇಳಿಜಾರಿನಾಚೆ ಬಾಗಿಲು. ಊರುಗೋಲು ಜಾರಿಕೊಂಡು ಗೋಡೆ ಸೇರಿತ್ತು.

"ನಾನು ಚೆನ್ನಾಗಿದ್ದೀನಿ. ನೆಲಕ್ಕೇ ಏನೋ ಆಗಿದೆ" ಎಂದರು ಅತ್ತೆ. ಆದರೆ ಮಂಚದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಇನ್ನೊಮ್ಮೆ ಬಿದ್ದರೆ ಆ ಸೊಂಟ ಕೂಡುವುದಿಲ್ಲವೆಂದು ಡಾಕ್ಟರು ಹೇಳಿದ್ದು ಮೂವರಿಗೂ ನೆನಪಿತ್ತು.

ಸಾಹೇಬರು ಬಾಗಿಲಿಗೆ ಭುಜ ಕೊಟ್ಟು ತಳ್ಳಿದರು, ಬೈದರು. ಬಾಗಿಲು ಕದಲಲಿಲ್ಲ. ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ನಿಧಾನವಾಗಿ ಹೇಳಿದರು: "ಮೇಸ್ತ್ರಿ ಹತ್ರ ಹೋಗಿ. ಫೋನಲ್ಲಿ ಅಲ್ಲ. ನೀವೇ, ನಡ್ಕೊಂಡು."

ಎರಡು ಬೀದಿ ಅಷ್ಟು ಉದ್ದವಿದೆಯೆಂದು ಅಳತೆ ಇಲಾಖೆಯ ಇನ್ಸ್‌ಪೆಕ್ಟರಿಗೆ ಅಂದೇ ಗೊತ್ತಾಗಿದ್ದು. ಮೇಸ್ತ್ರಿ ಒಬ್ಬರೇ ಕೂತು ಹಳೆಯ ಉಳಿಯೊಂದನ್ನು ಮಸೆಯುತ್ತಿದ್ದರು. ಕೊಟ್ಟಿಗೆಯಲ್ಲಿ ಕೊಯ್ದಿಟ್ಟ ಕಪಾಟಿನ ಹಲಗೆಗಳು ಗೋಡೆಗೆ ಒರಗಿದ್ದವು, ಮೇಲೆ ಧೂಳು. ಯಾರ ಮನೆಗಾಗಿ ಕೊಯ್ದದ್ದೆಂದು ಸಾಹೇಬರಿಗೆ ಯಾರೂ ಹೇಳಬೇಕಾಗಲಿಲ್ಲ. ದಾರಿಯುದ್ದಕ್ಕೂ ಪೀಠಿಕೆ ಕಟ್ಟಿಕೊಂಡು ಬಂದಿದ್ದರು. ಬಾಯಿಂದ ಬಂದದ್ದು, "ನೆಲ ಎದ್ದಿದೆ" ಎಂಬ ಎರಡೇ ಪದ.

ಮೇಸ್ತ್ರಿ ಉಳಿ ಕೆಳಗಿಟ್ಟರು. "ಅಮ್ಮ ಒಳಗಿದ್ದಾರಾ?"

ಸಾಹೇಬರು ತಲೆಯಾಡಿಸಿದರು. ಮೇಸ್ತ್ರಿ ಚೀಲ ಎತ್ತಿಕೊಂಡು ಮುಂದೆ ನಡೆದರು. ಸಾಹೇಬರು ಹಿಂದೆ ಓಡಿದರು.

ಬಂದವರೇ ಮೊದಲು ಕಿಟಕಿಯಲ್ಲಿ, "ಅಮ್ಮಾ, ಮಂಚದಿಂದ ಕಾಲು ಕೆಳಗೆ ಇಡಬೇಡಿ, ಐದು ನಿಮಿಷ" ಎಂದು ಹೇಳಿದರು. ಆಮೇಲೆ ಬಾಗಿಲ ಕೆಳ ಅರ್ಧದ ಚೌಕದಲ್ಲಿ ಕೂರಿಸಿದ್ದ ಹಲಗೆಯನ್ನು ಸುತ್ತ ಹಿಡಿದಿದ್ದ ಸಣ್ಣ ಪಟ್ಟಿಗಳನ್ನು ಉಳಿಯಿಂದ ಎಬ್ಬಿಸಿ, ಹಲಗೆಯನ್ನು ಇಡಿಯಾಗಿ ಹೊರಗೆಳೆದಿಟ್ಟರು. ಆ ಕಿಂಡಿಯಲ್ಲಿ ತೂರಿ ಒಳಹೋದರು. ಹಿಂದೆಯೇ ಸಾಹೇಬರು ಅಂಬೆಗಾಲಿಕ್ಕಿ ತೂರಿದರು. ಹೊಟ್ಟೆ ನಡುವೆ ಸಿಕ್ಕಿಕೊಂಡಿತು. (ಸಂದು ಬಿಟ್ಟಿರಬೇಕಿತ್ತು.) ಹೆಂಡತಿ ಹಿಂದಿನಿಂದ ತಳ್ಳಿದರು, ಆ ತಳ್ಳುವಿಕೆಯಲ್ಲಿ ಇಪ್ಪತ್ತು ವರ್ಷದ ದಾಂಪತ್ಯದ ಬಲವಿತ್ತು.

ಮೇಸ್ತ್ರಿ ಬಾಗಿಲ ಪಕ್ಕದ ಗೋಡೆಯ ಅಂಚುಪಟ್ಟಿಯನ್ನು ಕಿತ್ತರು. ಗೋಡೆಗೆ ಒತ್ತಿಕೊಂಡು ಅಂಚು ಜಜ್ಜಿಹೋಗಿದ್ದ ಹಲಗೆಯ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಒಂದು ಬೆರಳಿನಷ್ಟು ಅಗಲವನ್ನು ಗರಗಸದಿಂದ ಕೊಯ್ದು ತೆಗೆದರು. ಕೊನೆಯ ಗೇಣು ಕೊಯ್ಯುವ ಮೊದಲೇ ನೆಲ ನಿಟ್ಟುಸಿರು ಬಿಟ್ಟಂತೆ ಸದ್ದು ಮಾಡಿ ಮೆಲ್ಲಗೆ ಕುಸಿಯಿತು. ಡುಬ್ಬ ಇಳಿಯಿತು. ಬಾಗಿಲು ತಾನಾಗಿ ತೆರೆದುಕೊಂಡಿತು. ಹೆಂಡತಿ ಒಳಗೆ ಬಂದು ತಾಯಿಯ ಪಕ್ಕ ಕೂತು ಕೈ ಹಿಡಿದುಕೊಂಡರು.

ಉಳಿದ ಮೂರು ಗೋಡೆಗೆ ಅಳತೆ ಹಾಕಲು ಮೇಸ್ತ್ರಿ ಅಲ್ಲೇ ಬಿದ್ದಿದ್ದ ಸಾಹೇಬರ ಟೇಪನ್ನು ಎತ್ತಿಕೊಂಡರು. ಅಭ್ಯಾಸಬಲದಿಂದ ತುದಿಯ ಕೊಕ್ಕೆಯನ್ನು ಹೆಬ್ಬೆರಳಿನಿಂದ ಆಡಿಸಲು ನೋಡಿದರು. ಆಡಲಿಲ್ಲ.

"ಇದನ್ನ ಯಾರು ಕೊಂದಿದ್ದು?" ಎಂದರು.

ಸಾಹೇಬರು ಸಡಿಲವಾಗಿತ್ತು ಎಂದು ಗೊಣಗಿದರು.

"ಸಡಿಲ ಇರ್ಲಿ ಅಂತಲೇ ಮಾಡಿರೋದು ಸಾರ್. ಗೋಡೆಗೆ ಒತ್ತಿದ್ರೆ ಕೊಕ್ಕೆ ತನ್ನ ದಪ್ಪದಷ್ಟು ಒಳಗೆ ಹೋಗುತ್ತೆ. ಪಟ್ಟಿ ತುದಿಗೆ ಸಿಕ್ಕಿಸಿ ಎಳೆದ್ರೆ ಅಷ್ಟೇ ಹೊರಗೆ ಬರುತ್ತೆ. ಆಗ ಎರಡು ಕಡೆ ಲೆಕ್ಕನೂ ಒಂದೇ. ಆಡೋದು ನಿಂತ್ರೆ ಟೇಪು ಸುಳ್ಳು ಹೇಳುತ್ತೆ."

ಉಗುರಿನ ದಪ್ಪ. ಹನ್ನೊಂದು ಪಟ್ಟಿ. ಸಾಹೇಬರು ಟೇಪನ್ನೇ ನೋಡುತ್ತ ಕೂತರು. ಅವರ ಇಲಾಖೆಯ ಕಾನೂನಿನ ಪ್ರಕಾರ, ಅಳತೆಯ ಸಾಧನವನ್ನು ಬೇಕೆಂದೇ ತಿದ್ದಿ ಬಳಸಿದವನ ಮೇಲೆ ಮೊಕದ್ದಮೆ ಹೂಡಬೇಕು.

"ಕೇಸ್ ಹಾಕ್ತೀರಾ, ಎಚ್ಚರಿಕೆ ಕೊಟ್ಟು ಬಿಡ್ತೀರಾ?" ಎಂದು ಹೆಂಡತಿ ಮಂಚದ ಮೇಲಿಂದಲೇ ವಿಚಾರಿಸಿದರು.

ಕೆಲಸ ಮುಗಿಸಿ ಮೇಸ್ತ್ರಿ ಚೀಲ ಕಟ್ಟುವಾಗ ಸಾಹೇಬರು ಅವರ ಮುಂದೆ ನಿಂತು, ತಪ್ಪಾಯಿತು, ನನಗೆ ಗೊತ್ತಿರಲಿಲ್ಲ ಎಂದರು. ಮೇಸ್ತ್ರಿ ಪರವಾಗಿಲ್ಲ ಎಂದರು. ಸಾಹೇಬರ ಮುಖ ಹಗುರವಾಯಿತು. ಜಟ್ಟಿ ಬಿದ್ದರೂ ಮೀಸೆಗೆ ಮಣ್ಣು ತಾಗಲಿಲ್ಲ ಎಂದುಕೊಂಡರು.

ಅತ್ತೆಗೆ ಮಣ್ಣು ಕಾಣಿಸಿತ್ತು. "ಅಳಿಯಂದ್ರೇ, ಕಳ್ಳ ಅಂದಿದ್ದು ಬೀದೀಲಿ. ತಪ್ಪಾಯ್ತು ಅನ್ನೋದು ಕೋಣೇಲಾ?" ಎಂದು ಕೇಳಿದರು.

ಮೇಸ್ತ್ರಿ ಚೀಲದ ಗಂಟನ್ನು ಬಿಚ್ಚಿ ಇನ್ನೊಮ್ಮೆ ಕಟ್ಟಿದರು.

ಸಾಹೇಬರು ಒಂದು ಸುತ್ತೋಲೆ ಬರೆದು ಹಂಚುವುದಾಗಿ ಸೂಚಿಸಿದರು: 'ಇತ್ತೀಚೆಗೆ ಉಂಟಾದ ಕೆಲವು ತಪ್ಪುಗ್ರಹಿಕೆಗಳ ಹಿನ್ನೆಲೆಯಲ್ಲಿ' ಎಂದು ಮೊದಲ ಸಾಲೂ ಸಿದ್ಧವಾಗಿತ್ತು. ಹೆಂಡತಿ ಅವರ ಕೈಗೆ ಛತ್ರಿ ಕೊಟ್ಟರು.

ಔಷಧಿ ಅಂಗಡಿಯವರ ಮುಂದೆ ಸಾಹೇಬರು ನಿಂತು, ಗಿರಾಕಿಗಳಿದ್ದಾಗಲೇ, ಮೇಸ್ತ್ರಿ ಕಳ್ಳರಲ್ಲ, ಸಂದು ಮರಕ್ಕೆ ಬೇಕಾದದ್ದು, ಗೊತ್ತಿಲ್ಲದೆ ಆಡಿದವನು ನಾನು ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಅಂಗಡಿಯವರು ಕಪಾಟಿನ ಕೆಲಸಕ್ಕೆ ಮೇಸ್ತ್ರಿಯನ್ನೇ ನಾಳೆ ಕರೆಯುತ್ತೇನೆ ಎಂದರು. ಅರ್ಧ ಭಾರ ಇಳಿದಂತಾಗಿ ಸಾಹೇಬರು ಎದುರುಮನೆಯ ಗೇಟಿಗೆ ಬಂದರು. ಈ ಸಲ ಮೊಣಕೈ ಊರಲಿಲ್ಲ.

ಮೇಷ್ಟ್ರು ಅವರ ಮಾತಿಗೆ ಕಾಯಲೇ ಇಲ್ಲ. ಕೈ ಹಿಡಿದು ಒಳಗೆ ಎಳೆದುಕೊಂಡು ಹೋದರು. ಮುಖದಲ್ಲಿ ಹೆಮ್ಮೆ.

"ನಿಮಗೇ ಮೊದಲು ತೋರಿಸಬೇಕು ಅಂತಿದ್ದೆ. ಮಳೆಗೆ ಮುಂಚೆನೇ ಮುಗಿಸಿಬಿಟ್ಟೆ, ನಾನೂ ನಮ್ಮ ಮನೆಯವಳೂ ಸೇರಿ. ನಿಮ್ಮ ಮಾತಿನಂತೆ ಒಂದು ಕೂದಲು ಹೋಗೋ ಸಂದೂ ಬಿಟ್ಟಿಲ್ಲ."

ಹಜಾರದ ತುಂಬ ಹೊಸ ಮರದ ನೆಲ ಹೊಳೆಯುತ್ತಿತ್ತು. ಮೇಷ್ಟ್ರ ಹೆಂಡತಿ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಸಾಹೇಬರು ಬಾಯಿ ತೆರೆದರು.

'ಟಿಕ್' ಎಂದಿತು ನೆಲ.

"ಅಮ್ಮಾ, ಆ ಕುರ್ಚಿಯಿಂದ ಏಳಿ" ಎಂದರು ಸಾಹೇಬರು.

ಆ ಸಂಜೆಯಿಂದ ಮೂರು ದಿನ ಇಂಚುಪಟ್ಟಿ ಸಾಹೇಬರು ಮೊಣಕಾಲಿಗೆ ಮೆತ್ತೆ ಕಟ್ಟಿಕೊಂಡು, ಮೇಷ್ಟ್ರ ಹಜಾರದ ಗೋಡೆ ಗೋಡೆಯ ಬುಡದಲ್ಲಿ ಒಂದು ಬೆರಳಗಲ ಕೊಯ್ದರು. ಮೇಸ್ತ್ರಿ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತ, ಗೆರೆ ತಪ್ಪಿದಾಗ ಮಾತ್ರ "ಸಾರ್" ಎನ್ನುತ್ತಿದ್ದರು. ಅವರು ತುಂಬ ಸಲ "ಸಾರ್" ಎಂದರು. ದಾರಿಹೋಕರು ಕಿಟಕಿಯಲ್ಲಿ ಇಣುಕಿ ವಿಷಯ ಕೇಳುತ್ತಿದ್ದರು. ಪ್ರತಿ ಸಲವೂ ಸಾಹೇಬರೇ ಮೊದಲಿಂದ ಹೇಳಬೇಕು, ಅದು ಅತ್ತೆಯವರು ಹಾಕಿದ ಷರತ್ತು. ಬೀದಿಯಲ್ಲಿ ಈಗ ಅವರಿಗೆ ಹೊಸ ಹೆಸರು: ಸಂದು ಸಾಹೇಬರು.

ಓದಿ ನಕ್ಕಿರಿ, ಸಂತೋಷ. ಈಗ ನಿಮ್ಮ ಸರದಿ. ಮನೆಗೆ ಬಂದ ಗಾರೆಯವರನ್ನೋ, ನಲ್ಲಿಯವರನ್ನೋ, ದರ್ಜಿಯನ್ನೋ, ಅವರ ಕೆಲಸದ ಗುಟ್ಟು ನಿಮಗೆ ತಿಳಿಯಲಿಲ್ಲ ಎಂಬ ಒಂದೇ ಕಾರಣಕ್ಕೆ ನೀವೂ ಕಳ್ಳ ಎಂದಿದ್ದೀರಿ, ಅವರು ಹೋದ ಮೇಲೆ, ಯಾರದೋ ಗೇಟಿಗೆ ಮೊಣಕೈ ಊರಿ. ಯಾವ ಗೇಟು ಎಂದು ನಿಮಗೆ ನೆನಪಿದೆ. ಮಳೆ ಬರುವವರೆಗೆ ಕಾಯಬೇಡಿ. ಈ ಹಾಳೆಯನ್ನು ಮಡಿಚಿಟ್ಟು, ಚಪ್ಪಲಿ ಮೆಟ್ಟಿ, ಅದೇ ಗೇಟಿಗೆ ಹೋಗಿ, ಆಡಿದಷ್ಟೇ ಗಟ್ಟಿಯಾಗಿ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡು ಬನ್ನಿ. ಏಳಿ.